ಉಸಿರನ್ನು ನೋಡಿ ತಲೆ ಎಣಿಸುವ ರೇಡಾರ್

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗಾಗಿಯೇ ನಡೆಯುವ ವಾಚನಾಲಯವೊಂದರಲ್ಲಿ ನಾನು ಕುಳಿತಿದ್ದ ಒಂದು ರಾತ್ರಿ, ದೀಪಗಳೆಲ್ಲ ಒಮ್ಮೆಲೇ ಆರಿದವು. ಕರೆಂಟು ಹೋಗಿರಲಿಲ್ಲ, ಫ್ಯಾನುಗಳು ತಿರುಗುತ್ತಲೇ ಇದ್ದವು. ಮೂಲೆಯಲ್ಲಿದ್ದ ಹುಡುಗನೊಬ್ಬ ಪುಸ್ತಕದಿಂದ ತಲೆಯೆತ್ತದೆ ಕೈಯನ್ನಷ್ಟೇ ಎತ್ತಿ ಎರಡು ಸಲ ಬೀಸಿದ, ಬೆಳಕು ಬಂತು. ಚಾವಣಿಯಲ್ಲಿದ್ದ ಅವಗೆಂಪು ಸೆನ್ಸರು ದೇಹದ ಶಾಖ ಅತ್ತಿತ್ತ ಸರಿದಾಗ ಮಾತ್ರ ಎಚ್ಚರಗೊಳ್ಳುವಂಥದು. ಕಲ್ಲಿನಂತೆ ಕೂತು ಓದುವವನು ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಆದರೆ ಬದುಕಿರುವ ಯಾರೂ ಕಲ್ಲಿನಂತೆ ಕೂರಲಾರರು. ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಎದೆ ಕೆಲವು ಮಿಲಿಮೀಟರುಗಳಷ್ಟು ಏರಿಳಿಯುತ್ತದೆ, ಮತ್ತು ರೇಡಿಯೊ ತರಂಗವನ್ನು ಹೊರಗೆ ಕಳಿಸಿ ಬಡಿದು ಮರಳಿದ್ದನ್ನು ಓದುವ 60 ಗಿಗಾಹರ್ಟ್ಸ್ ರೇಡಾರ್ ಹಿಡಿಯುವುದು ಇದನ್ನೇ. ಅದರ ತರಂಗದ ಉದ್ದ 5 ಮಿಲಿಮೀಟರ್. ಎದೆ ಒಂದು ಮಿಲಿಮೀಟರ್ ಮುಂದೆ ಬಂದರೆ ಹೋಗಿಬರುವ ದಾರಿ ಎರಡು ಮಿಲಿಮೀಟರ್ ಕಡಿಮೆಯಾಗುತ್ತದೆ, ಅಂದರೆ ಮರಳಿ ಬಂದ ತರಂಗವು ಒಂದು ಸುತ್ತಿನ ಐದರಲ್ಲಿ ಎರಡು ಪಾಲು ಜರುಗಿರುತ್ತದೆ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ತರಂಗದ ಉದ್ದ ಸುಮಾರು 392 ಮೀಟರ್. ಅದರ ಪಾಲಿಗೆ ಈ ಉಸಿರಾಟವೆಲ್ಲ ನಡೆದೇ ಇಲ್ಲ. ಇಷ್ಟು ಕಿರಿದಾದ ತರಂಗಗಳು ಇತ್ತೀಚಿನ ಚಿಪ್‌ಗಳ ಕೊಡುಗೆಯೆಂದು ತಿಳಿಯಬಾರದು. 1890ರ ದಶಕದಲ್ಲಿಯೇ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ ಇದೇ 5 ಮಿಲಿಮೀಟರ್ ತರಂಗಗಳೊಡನೆ ಪ್ರಯೋಗ ನಡೆಸಿದ್ದರು.

ದೂರವನ್ನು ಅಳೆಯುವ ಬಗೆಯಂತೂ ನಮ್ಮ ಊರಿನವರಿಗೆ ಕಿವಿಯಿಂದಲೇ ಪರಿಚಿತ. ತಂಬೂರಿಯ ಜೋಡಿ ತಂತಿಗಳು ಶ್ರುತಿಗೆ ಕೂಡದಿದ್ದಾಗ ನಾದ ಅಲುಗಾಡುತ್ತದೆ. ವ್ಯತ್ಯಾಸ ಹೆಚ್ಚಿದಷ್ಟೂ ಅಲುಗಾಟ ಬಿರುಸಾಗುತ್ತದೆ. ಈ ರೇಡಾರ್ ಗವಾಯಿಯ ಮೀಂಡಿನಂತೆ ತನ್ನ ಸ್ವರವನ್ನು, ಅಂದರೆ ತರಂಗದ ಆವರ್ತನವನ್ನು, ಒಂದೇ ಸಮನೆ ಏರಿಸುತ್ತ ಹೋಗುತ್ತದೆ. ಪ್ರತಿಧ್ವನಿ ತಡವಾಗಿ ಬರುವುದರಿಂದ, ಅದು ಕಿವಿಗೆ ಬೀಳುವ ಹೊತ್ತಿಗೆ ಗವಾಯಿ ಇನ್ನೂ ಮೇಲಿನ ಸ್ವರದಲ್ಲಿರುತ್ತಾನೆ, ಮತ್ತು ಎರಡರ ನಡುವಿನ ಅಲುಗಾಟವೇ ದೂರವನ್ನು ಹೇಳುತ್ತದೆ. ನೃಪತುಂಗ ಬೆಟ್ಟವನ್ನು ಒಂದೇ ವೇಗದಲ್ಲಿ ಹತ್ತುವ ಇಬ್ಬರಲ್ಲಿ ಒಬ್ಬ ತಡವಾಗಿ ಹೊರಟರೆ, ಅವರ ನಡುವಿನ ಎತ್ತರವನ್ನು ನೋಡಿಯೇ ತಡವೆಷ್ಟೆಂದು ಹೇಳಬಹುದಲ್ಲವೇ, ಹಾಗೆ. ಸ್ವರವು 40 ಮೈಕ್ರೊಸೆಕೆಂಡಿನಲ್ಲಿ 4 ಗಿಗಾಹರ್ಟ್ಸ್ ಏರಿದರೆ ಮೂರು ಮೀಟರ್ ದೂರದವನ ಅಲುಗಾಟ 2 ಮೆಗಾಹರ್ಟ್ಸ್, ಆರು ಮೀಟರ್ ದೂರದವನದು 4.

ಇದನ್ನು ಗೋಡೆಯಾಚೆಯ ಫೋಟೋ ತೆಗೆಯುವ ಯಂತ್ರವೆಂದು ಹೆದರುವವರಿಗೆ ಉತ್ತರ ಹೇಳಿ ನನಗೆ ಸಾಕಾಗಿದೆ. ಅದಕ್ಕೆ ಮುಖ ಕಾಣದು. ಸಿಗುವುದು ದೂರ, ದಿಕ್ಕು, ವೇಗಗಳ ಚುಕ್ಕೆಗಳಷ್ಟೆ. ಇಂಥ ಚಿಪ್ ಒಂದು ಆಂಟೆನಾದಿಂದ ಹೊರಸೂಸುವ ಶಕ್ತಿ ಹತ್ತಿಪ್ಪತ್ತು ಮಿಲಿವ್ಯಾಟ್, ಆದರೆ ಜೇಬಿನ ಮೊಬೈಲು 200 ಮಿಲಿವ್ಯಾಟ್‌ವರೆಗೂ ಹೋಗುತ್ತದೆ.

ರೇಡಾರ್ ಬೇಡವೆನ್ನುವವರಿಗೆ ವೈಫೈ ಇದೆ. ರೂಟರಿನ ಸಂಕೇತ ನೇರವಾಗಿಯೂ ಗೋಡೆ, ಮೇಜುಗಳಿಗೆ ಬಡಿದೂ ಹತ್ತಾರು ದಾರಿಗಳಲ್ಲಿ ತಲುಪುತ್ತದೆ. ನೀರೇ ಹೆಚ್ಚಾಗಿರುವ ಮನುಷ್ಯದೇಹ ಅಡ್ಡ ಬಂದಾಗ ಆ ದಾರಿಗಳು ಕದಡುತ್ತವೆ, ಮತ್ತು ಕದಡಿದ ಬಗೆಯಿಂದ ಜನರ ಸಂಖ್ಯೆಯನ್ನು ಅಂದಾಜಿಸುತ್ತಾರೆ. ಇದಕ್ಕೆಂದೇ 2025ರಲ್ಲಿ 802.11ಬಿಎಫ್ ಎಂಬ ಮಾನದಂಡವೂ ಬಂದಿದೆ. ಆದರೆ ಕಬ್ಬಿಣದ ಕಪಾಟನ್ನು ಒಂದು ಗೋಡೆಯಿಂದ ಇನ್ನೊಂದಕ್ಕೆ ಸರಿಸಿದರೆ ಲೆಕ್ಕವನ್ನು ಮೊದಲಿನಿಂದ ಕಲಿಸಬೇಕಾದೀತು.

ರೇಡಾರಿಗೂ ಮಿತಿಗಳಿವೆ. ಎಂಟು ಆಂಟೆನಾಗಳ ಸಾಲಿಗೆ ಸಮವಾದ ಚಿಪ್ ದಿಕ್ಕನ್ನು ಸುಮಾರು 14 ಡಿಗ್ರಿಗಿಂತ ಸೂಕ್ಷ್ಮವಾಗಿ ಬೇರ್ಪಡಿಸದು. ಐದು ಮೀಟರ್ ದೂರದಲ್ಲಿ ಅದು ಒಂದೂಕಾಲು ಮೀಟರ್ ಅಗಲ. ಒಂದೇ ಬೆಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತ ಇಬ್ಬರು ಗೆಳೆಯರು ಅಷ್ಟು ದೂರದಿಂದ ಒಬ್ಬನೇ ಆಗಿಬಿಡಬಹುದು. ಫ್ಯಾನನ್ನು ಗುರುತಿಸುವುದು ಕಷ್ಟವಲ್ಲ, ಅದರ ರೆಕ್ಕೆಯ ವೇಗ ಉಸಿರಿಗೆ ಹೋಲುವುದೇ ಇಲ್ಲ. ಆದರೆ ಅದೇ ಫ್ಯಾನಿನ ಗಾಳಿಗೆ ಕಿಟಕಿಯ ಪರದೆ ನಿಮಿಷಕ್ಕೆ ಹದಿನೈದು ಸಲ ಮೆಲ್ಲಗೆ ತೂಗತೊಡಗಿತೋ, ಓದುವವರ ಪಟ್ಟಿಗೆ ಅದೂ ಸೇರಿಕೊಳ್ಳುವ ಸಂಭವವಿದೆ.