ಮೇಸ್ತ್ರಿ ಹಿಡಿದುಕೊಂಡ ಒಂದು ರೂಪಾಯಿ

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳಿಗೆ ರಾಜಸ್ಥಾನ, ಉತ್ತರ ಪ್ರದೇಶ, ಒರಿಸ್ಸಾಗಳಿಂದ ಕೂಲಿಗಳನ್ನು ಕರೆತಂದಿದ್ದರು. ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಗುತ್ತಿಗೆದಾರರು ಅಷ್ಟನ್ನೂ ಕೊಡುತ್ತಿದ್ದರು, ಆದರೆ ಜಮಾದಾರನ ಕೈಗೆ. ನಮ್ಮ ಕಡೆ ಮೇಸ್ತ್ರಿ ಅನ್ನುತ್ತೇವಲ್ಲ, ಅವನೇ. ಅವನು ತಲೆಗೊಂದು ರೂಪಾಯಿ ಹಿಡಿದುಕೊಂಡು ಉಳಿದದ್ದನ್ನು ಹಂಚುತ್ತಿದ್ದ. ಲೆಕ್ಕದ ಪುಸ್ತಕ ಎಷ್ಟು ತಿರುವಿದರೂ ಈ ಒಂದು ರೂಪಾಯಿ ಕಾಣುವಂಥದ್ದಲ್ಲ.

ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಎಂಬ ಹಕ್ಕುಗಳ ಸಂಘಟನೆ ಮೂವರು ಸಮಾಜ ವಿಜ್ಞಾನಿಗಳಿಗೆ ಈ ಕೆಲಸಗಾರರ ಸ್ಥಿತಿಗತಿ ತಿಳಿದು ಬರಲು ಹೇಳಿತ್ತು. ಅವರ ವರದಿಯ ಆಧಾರದ ಮೇಲೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಭಗವತಿ ಅವರಿಗೆ ಸಂಘಟನೆ ಬರೆದ ಪತ್ರವೇ ರಿಟ್ ಅರ್ಜಿಯಾಯಿತು, ಅಂದರೆ ಮೂಲಭೂತ ಹಕ್ಕಿಗಾಗಿ ಕೋರ್ಟಿಗೆ ಹಾಕುವ ಅರ್ಜಿ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಬಡಿಗೆ ಹಿಡಿದು ನಿಂತರಷ್ಟೇ ಬಲವಂತವಲ್ಲ, ಹೊಟ್ಟೆಗಿಲ್ಲದ್ದೂ ಬಲವಂತ. ಫರೀದಾಬಾದಿನ ಕಲ್ಲುಕ್ವಾರಿಗಳ ಪ್ರಕರಣದಲ್ಲಿ ಕೋರ್ಟ್ ತಾನೇ ಐಐಟಿಯ ಡಾ. ಪಟವರ್ಧನ್ ಅವರನ್ನು ಸಾಮಾಜಿಕ ತನಿಖೆಗೆ ಕಳುಹಿಸಿತ್ತು; ಇಂಥ ವರದಿಯನ್ನು ಮೇಲ್ನೋಟದ ಸಾಕ್ಷ್ಯವಾಗಿ, ಅಂದರೆ ಸುಳ್ಳೆಂದು ತೋರಿಸುವವರೆಗೆ ನಂಬಬಹುದಾದ ಸಾಕ್ಷ್ಯವಾಗಿ, ನೋಡಬಹುದೆಂದು 1983ರ ತೀರ್ಪಿನಲ್ಲಿ ಹೇಳಿತು.

ಇಟ್ಟಿಗೆ ಭಟ್ಟಿಗಳಲ್ಲಿ ಕೆಲಸಗಾರರನ್ನು ಮಾತಾಡಿಸಿ ವರದಿ ಬರೆಯುವ ನಮ್ಮ ಕೆಲಸವೂ ಇದೇ ಜಾತಿಯದು. ಫಾರಂ ಹಿಡಿದು ‘ನೀವು ಜೀತದಾಳೇ?’ ಎಂದರೆ ಯಾರೂ ಹೌದೆನ್ನುವುದಿಲ್ಲ. ‘ಕಳೆದ ಹಬ್ಬಕ್ಕೆ ಊರಿಗೆ ಹೋಗಿದ್ರಾ?’ ಅನ್ನಿ. ಮುಂಗಡ ಎಷ್ಟು, ಲೆಕ್ಕ ಬರೆಯುವವರು ಯಾರು, ಒಬ್ಬರು ಹೋಗಬೇಕಾದರೆ ಹೆಂಡತಿ ಮಕ್ಕಳನ್ನು ಯಾಕೆ ಇಲ್ಲೇ ಬಿಡಬೇಕು, ಎಲ್ಲವೂ ಒಂದೊಂದಾಗಿ ಬರುತ್ತದೆ. ಮೇಸ್ತ್ರಿ ಪಕ್ಕದಲ್ಲಿದ್ದರೆ ಅದೂ ಬರುವುದಿಲ್ಲ, ಬಿಡಿ.

‘ಇಪ್ಪತ್ತು ಜನರನ್ನು ಮಾತಾಡಿಸಿ ಜಿಲ್ಲೆಯ ಬಗ್ಗೆ ಹೇಗೆ ಹೇಳ್ತೀರಿ?’ ಎಂದು ಅಧಿಕಾರಿಗಳು ಕೇಳುತ್ತಾರೆ. ಜಿಲ್ಲೆಯಲ್ಲಿ ಎಷ್ಟು ಜನ ಎಂದು ನಾವು ಹೇಳಲಾರೆವು. ಅದು ಸಮೀಕ್ಷೆಯ ಕೆಲಸ. ದುಡಿಸಿಕೊಳ್ಳುವುದು ಹೇಗೆ ನಡೆಯುತ್ತದೆ ಎಂಬುದಕ್ಕೆ ಇಪ್ಪತ್ತು ಜನ ಬೇಕಾದಷ್ಟಾಯಿತು. ಸಮೀಕ್ಷೆಯಲ್ಲಿ ಏನು ಕೇಳಬೇಕೆಂಬುದೂ ಈ ಮಾತುಗಳಿಂದಲೇ ಗೊತ್ತಾಗಬೇಕು.

ನನಗೆ ಹೆಚ್ಚು ಚಿಂತೆ ಇರುವುದು ವರದಿ ಹೊರಬಂದ ಮೇಲಿನದರ ಬಗ್ಗೆ. ಹೆಸರು ಬದಲಿಸಿದರೆ ಸಾಕೆಂದುಕೊಳ್ಳುವವರಿದ್ದಾರೆ. ‘ಮೂರು ಹೆಣ್ಣುಮಕ್ಕಳ, ಕೈಬೆರಳು ಕಳೆದುಕೊಂಡ ಕಾರ್ಮಿಕ’ ಎಂದು ಬರೆದರೆ ಮಾಲೀಕನಿಗೆ ಹೆಸರು ಯಾಕೆ ಬೇಕು? ಹಾಗಾಗಿ ಆ ವಿವರಗಳನ್ನು ನಾನು ವರದಿಯಿಂದ ತೆಗೆಯುತ್ತೇನೆ, ಓದುವವರಿಗೆ ಸಪ್ಪೆ ಅನ್ನಿಸಿದರೂ ಸರಿ.