ಬಾಲಿ ಆಚೆ ನೀರು ಎಷ್ಟು ಆಳ?

ಹಡಗಿನ ಚುಕ್ಕಾಣಿ ಹತ್ರ ಒಂದು ಪುಟ್ಟ ಸ್ಕ್ರೀನ್ ಇತ್ತು. ತಳಕ್ಕೆ ಸದ್ದು ಕಳ್ಸಿ, ಅದು ವಾಪಸ್ ಬರೋಕೆ ಎಷ್ಟು ಹೊತ್ತು ಹಿಡೀತು ಅಂತ ಲೆಕ್ಕ ಹಾಕಿ ನೀರಿನ ಆಳ ತೋರ್ಸೋ ಯಂತ್ರ. ಆಗಸ್ಟ್ ತಿಂಗಳ ಬೆಳಗಿನ ಜಾವ ಬಾಲಿಯ ಬಂದರು ಬಿಟ್ಟಾಗ ಅದ್ರಲ್ಲಿ 12, 18, 40 ಅಂತ ನಂಬರ್ ಏರ್ತಾ ಇತ್ತು, ನಾನು ಟೀ ಲೋಟ ಹಿಡ್ಕೊಂಡು ಅದನ್ನೇ ನೋಡ್ತಾ ನಿಂತಿದ್ದೆ, ಸ್ವಲ್ಪ ಹೊತ್ತಲ್ಲಿ ನಂಬರ್ ಮಾಯ ಆಗಿ ಬರೀ ಎರಡು ಗೀಟು ಉಳ್ಕೊಂಡ್ತು. ಕೆಟ್ಟೋಯ್ತಾ ಅಂತ ಕ್ಯಾಪ್ಟನ್‌ಗೆ ಸನ್ನೆ ಮಾಡಿ ಕೇಳಿದೆ. ಅವ್ರು ತಲೆ ಅಲ್ಲಾಡಿಸಿ "ದಾಲಂ" ಅಂದ್ರು. ಇಂಡೋನೇಷ್ಯಾ ಭಾಷೇಲಿ ಹಾಗಂದ್ರೆ ಆಳ.

ಆ ಎರಡು ಗೀಟು ನನಗೆ ಇಡೀ ಪ್ರಯಾಣದುದ್ದಕ್ಕೂ ತಲೇಲಿ ಉಳ್ಕೊಂಡಿತ್ತು. ಯಾಕಂದ್ರೆ ಈ ದ್ವೀಪಗಳಲ್ಲಿ ಯಾವ ಪ್ರಾಣಿ ಎಲ್ಲಿದೆ, ಯಾವ ಜನ ಏನು ತಿಂತಾರೆ ಅನ್ನೋದನ್ನ ಬಹಳ ಮಟ್ಟಿಗೆ ತೀರ್ಮಾನ ಮಾಡಿರೋದು ನಡುವಿನ ನೀರು ಎಷ್ಟು ಅಗಲ ಅನ್ನೋದಲ್ಲ, ಎಷ್ಟು ಆಳ ಅನ್ನೋದು.

ಜಾವಾ ಮತ್ತು ಬಾಲಿ ನಡುವೆ ಇರೋ ಜಲಸಂಧಿ ಸುಮಾರು 60 ಮೀಟರ್ ಆಳ, ಅಷ್ಟೇ. ಸುಮಾರು 20 ಸಾವಿರ ವರ್ಷದ ಹಿಂದೆ, ಹಿಮಯುಗದ ಉತ್ತುಂಗದಲ್ಲಿ, ಸಮುದ್ರದ ಎಷ್ಟೋ ನೀರು ಧ್ರುವಗಳ ಕಡೆ ಹಿಮ ಆಗಿ ಕೂತಿತ್ತಲ್ಲ, ಆಗ ಸಮುದ್ರದ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಅಂದ್ರೆ ಸುಮಾತ್ರ, ಜಾವಾ, ಬೋರ್ನಿಯೊ, ಬಾಲಿ ಎಲ್ಲಾ ಏಷ್ಯಾ ಖಂಡಕ್ಕೆ ಅಂಟಿಕೊಂಡ ಒಂದೇ ನೆಲ. ಹುಲಿ ನಡ್ಕೊಂಡೇ ಬಾಲಿಗೆ ಬಂತು. ಹೌದು, ಬಾಲಿಯಲ್ಲಿ ಹುಲಿ ಇತ್ತು, 1937ರಲ್ಲಿ ಕೊನೆಯ ಖಚಿತ ದಾಖಲೆ, ಅದನ್ನೂ ಗುಂಡು ಹೊಡೆದೇ ಕೊಂದ್ರು. ಆದ್ರೆ ಪಕ್ಕದ ಲೊಂಬೊಕ್‌ನಲ್ಲಿ ಹುಲಿ ಯಾವತ್ತೂ ಇರ್ಲಿಲ್ಲ. ಎರಡರ ನಡುವೆ ಸುಮಾರು 35 ಕಿಲೋಮೀಟರ್ ಮಾತ್ರ, ಬೆಳಕು ಚೆನ್ನಾಗಿದ್ರೆ ಈ ದಡದಿಂದ ಆ ದಡದ ಬೆಟ್ಟ ಕಾಣುತ್ತೆ, ಆದ್ರೆ 120 ಮೀಟರ್ ನೀರು ಇಳಿದ್ರೂ ಅಲ್ಲಿ ನೆಲ ಎದ್ದು ಬರಲ್ಲ, ಅಷ್ಟು ಆಳ.

ಇದನ್ನ ಮೊದ್ಲು ಸರಿಯಾಗಿ ಗಮನಿಸಿದವ್ರು ಬ್ರಿಟಿಷ್ ಪ್ರಕೃತಿ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್. 1856ರ ಜೂನ್‌ನಲ್ಲಿ ಅವ್ರಿಗೆ ಸಿಂಗಾಪುರದಿಂದ ಸೀದಾ ಸುಲಾವೆಸಿ ದ್ವೀಪದ ಮಕಾಸ್ಸರ್‌ಗೆ ಹೋಗೋಕೆ ಹಡಗು ಸಿಗ್ಲಿಲ್ಲ, ಅದಕ್ಕೇ ಬಾಲಿ, ಲೊಂಬೊಕ್ ಸುತ್ತಿಕೊಂಡು ಹೋದ್ರು. ಬಾಲಿಯಲ್ಲಿ ಕುಟ್ರುಹಕ್ಕಿ, ಮರಕುಟಿಗ ನೋಡಿದ್ರು, ಲೊಂಬೊಕ್‌ಗೆ ದಾಟಿದ್ರೆ ಅವಿಲ್ಲ, ಬದಲಿಗೆ ಬಿಳಿ ಕಾಕಟೂ, ಜೇನು ಹೀರೋ ಆಸ್ಟ್ರೇಲಿಯಾ ಕಡೆಯ ಹಕ್ಕಿಗಳು, ಮಣ್ಣಿನ ದಿಬ್ಬ ಕಟ್ಟಿ ಅದರೊಳಗೆ ಮೊಟ್ಟೆ ಹೂಳೋ ಕಾಡುಕೋಳಿಯಂಥ ಮೆಗಾಪೋಡ್. ನಮ್ಮ ಬೆಂಗಳೂರಿನ ಆಲ, ಅರಳಿ ಮರದಲ್ಲಿ ಬೇಸಿಗೆ ಮಧ್ಯಾಹ್ನ ಟಂಕ್ ಟಂಕ್ ಅಂತ ಬಿಡದೆ ಕೂಗುತ್ತಲ್ಲ ಕಂಚುಗಾರ ಕುಟ್ರು, ಅದೇ ಜಾತಿ ಹಕ್ಕಿ ಬಾಲಿಯಲ್ಲೂ ಇದೆ. ಅಲ್ಲಿ ಒಂದು ದೇವಸ್ಥಾನದ ಹಿಂದಿನ ಮರದಿಂದ ಆ ಸದ್ದು ಕೇಳಿ ಮನೆ ನೆನಪಾಯ್ತು ನನಗೆ. ಬಾಲಿಯವರೆಗೂ ನಮ್ಮ ಹಕ್ಕಿಗಳ ಲೋಕ ಅಂತ ಆವತ್ತು ಕಿವಿಯಿಂದ ತಿಳ್ಕೊಂಡೆ.

ಬಾಲಿ, ಲೊಂಬೊಕ್ ನಡುವಿನ ಈ ಗಡಿಗೆ ವಾಲೇಸ್ ಗೆರೆ ಅಂತಾರೆ, ಆದ್ರೆ ಅದನ್ನ ಕಲ್ಲಿನ ಗೋಡೆ ಅಂದ್ಕೋಬೇಡಿ. ಒಂದು ಪುಟಾಣಿ ಮರಕುಟಿಗ ದ್ವೀಪದಿಂದ ದ್ವೀಪಕ್ಕೆ ಹಾರಿ ದೂರದ ಪೂರ್ವದ ಆಲೋರ್ ದ್ವೀಪದವರೆಗೂ ಹೋಗಿ ಸೇರಿದೆ. ಈ ಗೆರೆ ಒಂದು ಜರಡಿ ಥರ, ಹಾರೋರು, ಈಜೋರು, ತೇಲೋರು ಕೆಲವರು ದಾಟ್ತಾರೆ, ನಡೆಯೋರು ನಿಂತ್ಬಿಡ್ತಾರೆ.

ಈಜೋದೂ ಸುಲಭ ಅಲ್ಲ, ಯಾಕಂದ್ರೆ ಅಲ್ಲಿ ನೀರು ಸುಮ್ನೆ ನಿಂತಿಲ್ಲ. ಪೆಸಿಫಿಕ್ ಸಾಗರದ ಮೇಲೆ ಪೂರ್ವದಿಂದ ಬೀಸೋ ಗಾಳಿ ನೀರನ್ನ ತಳ್ಳಿ ತಳ್ಳಿ ಇಂಡೋನೇಷ್ಯಾ ಕಡೆ ರಾಶಿ ಹಾಕುತ್ತೆ, ಆ ಕಡೆ ಮಟ್ಟ ಸ್ವಲ್ಪ ಎತ್ತರ, ಹಿಂದೂ ಮಹಾಸಾಗರದ ಕಡೆ ಸ್ವಲ್ಪ ತಗ್ಗು, ಹಾಗಾಗಿ ದ್ವೀಪಗಳ ಸಂದಿಯಿಂದ ಸೆಕೆಂಡಿಗೆ ಸರಾಸರಿ ಸುಮಾರು 1.5 ಕೋಟಿ ಘನ ಮೀಟರ್ ನೀರು ನಮ್ಮ ಸಾಗರಕ್ಕೆ ನುಗ್ತಾ ಇರುತ್ತೆ. ಪ್ರಪಂಚದ ಎಲ್ಲಾ ನದಿಗಳ ನೀರನ್ನ ಒಟ್ಟಿಗೆ ಸೇರಿಸಿದ್ರೂ ಇದರ ಹತ್ತನೇ ಒಂದು ಭಾಗದ ಆಸುಪಾಸು ಆಗುತ್ತೆ ಅಷ್ಟೇ. ಅದರ ಒಂದು ಪಾಲು ಲೊಂಬೊಕ್ ಜಲಸಂಧಿಯಿಂದ ಹರಿಯುತ್ತೆ, ನಮ್ಮ ಹಡಗು ಮೂತಿ ಪೂರ್ವಕ್ಕೆ ಇಟ್ಕೊಂಡು ದಕ್ಷಿಣಕ್ಕೆ ಜಾರ್ತಾ ಇದ್ದಿದ್ದು ಅದಕ್ಕೇ. ಈ ಹರಿವು ಬಿಸಿ ನೀರನ್ನ ಹಿಂದೂ ಮಹಾಸಾಗರಕ್ಕೆ ಹೊತ್ತು ತರುತ್ತೆ, ಆ ಸಾಗರದ ಪೂರ್ವ ಪಶ್ಚಿಮ ತುದಿಗಳ ಬಿಸಿ ಏರುಪೇರಾದ್ರೆ ನಮ್ಮ ಮುಂಗಾರಿನ ಮೇಲೂ ಪರಿಣಾಮ ಆಗುತ್ತೆ, ಹಾಗಾಗಿ ಮಳೆ ಲೆಕ್ಕ ಹಾಕೋ ವಿಜ್ಞಾನಿಗಳು ಈ ಸಂದಿಗೊಂದಿಗಳ ಮೇಲೂ ಕಣ್ಣಿಟ್ಟಿರ್ತಾರೆ.

ಹಡಗಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಪಿನಿಸಿ ಅಂತ ಹೆಸರು, ಎರಡು ಕಂಬ, ಏಳು ಹಾಯಿ, ದಕ್ಷಿಣ ಸುಲಾವೆಸಿಯ ಬುಲುಕುಂಬ ಕಡೆಯ ಊರುಗಳಲ್ಲಿ ಸಮುದ್ರದ ದಡದ ಮರಳ ಮೇಲೇ ಕಟ್ತಾರೆ. ಕಾಗದದ ಮೇಲೆ ನಕ್ಷೆ ಇಲ್ಲ, ಅಳತೆ ಎಲ್ಲಾ ಮೇಸ್ತ್ರಿಯ ತಲೇಲಿ. ಮೊದ್ಲು ಹೊರಗಿನ ಹಲಗೆಗಳನ್ನ ಮರದ ಗೂಟ ಹೊಡೆದು ಒಂದಕ್ಕೊಂದು ಕೂಡಿಸ್ತಾರೆ, ಒಳಗಿನ ಪಕ್ಕೆಲುಬು ಆಮೇಲೆ. 2017ರಲ್ಲಿ ಯುನೆಸ್ಕೊ ಈ ಕಸುಬನ್ನ ಪರಂಪರೆ ಪಟ್ಟಿಗೆ ಸೇರಿಸ್ತು. ಈಗಿನ ಪ್ರವಾಸಿ ಹಡಗಲ್ಲಿ ಇಂಜಿನ್ ಇರುತ್ತೆ, ಗಾಳಿ ಸರಿಯಾಗಿ ಸಿಕ್ಕಾಗ ಮಾತ್ರ ಹಾಯಿ ಬಿಚ್ತಾರೆ, ಬಿಚ್ಚಿ ಇಂಜಿನ್ ಆಫ್ ಮಾಡಿದಾಗ ಮರ ಕಿರುಗುಟ್ಟೋ ಸದ್ದು ಬಿಟ್ರೆ ಬೇರೇನೂ ಇಲ್ಲ, ಆ ಒಂದು ಗಂಟೆಗೋಸ್ಕರ ಇನ್ನೊಂದ್ಸಲ ಹೋಗ್ಬೇಕು ಅನ್ಸುತ್ತೆ.

ಸುಂಬಾವಾ ದ್ವೀಪದ ತಂಬೋರ ಬೆಟ್ಟವನ್ನ ದೂರದಿಂದ ನೋಡಿದ್ವಿ, 1815ರಲ್ಲಿ ಸಿಡಿದು ಮರುವರ್ಷ ಯುರೋಪ್, ಅಮೆರಿಕದಲ್ಲಿ ಬೇಸಿಗೆಯೇ ಬರದ ಹಾಗೆ ಮಾಡಿದ ಜ್ವಾಲಾಮುಖಿ. ಅದನ್ನ ದಾಟಿದ್ರೆ ಕೊಮೊಡೊ.

ಕೊಮೊಡೊ ಡ್ರ್ಯಾಗನ್ ಅಂತ ಎಲ್ರೂ ಅಂತಾರೆ, ನನಗೆ ಮಾತ್ರ ನಮ್ಮ ಹಳೇ ಮಾತೇ ಸರಿ ಅನ್ಸುತ್ತೆ, ಅದು ಉಡ. ನಮ್ಮ ಹೊಲದ ಬದುವಿನ ಉಡದ ಕುಲವೇ ಅದು, ಆದ್ರೆ ಮೂರು ಮೀಟರ್‌ವರೆಗೂ ಉದ್ದ, ತೂಕ 70 ಕಿಲೋ ಹತ್ರ. ವಿಜ್ಞಾನಕ್ಕೆ ಅದರ ಪರಿಚಯ ಆಗಿದ್ದು 1912ರಲ್ಲಿ, ಜಾವಾದ ಬೋಗೋರ್ ಮ್ಯೂಸಿಯಂನ ಪೀಟರ್ ಔವೆನ್ಸ್ ಬರೆದ ವರದಿಯಿಂದ. ತುಂಬಾ ವರ್ಷ ಜನ ಎರಡು ವಿಷಯ ನಂಬಿದ್ರು, ಎರಡನ್ನೂ ನಾನೂ ಶಾಲೆಯಲ್ಲಿ ಕೇಳಿದ್ದೆ. ಒಂದು, ಅದರ ಬಾಯಲ್ಲಿ ಕೊಳಕು ಬ್ಯಾಕ್ಟೀರಿಯಾ ಇದೆ, ಕಚ್ಚಿದ್ರೆ ಅದರಿಂದಲೇ ಬೇಟೆ ಸಾಯುತ್ತೆ ಅಂತ. 2009ರಲ್ಲಿ ಅದರ ಕೆಳದವಡೆಯಲ್ಲಿ ವಿಷದ ಗ್ರಂಥಿ ಇರೋದನ್ನ ವಿಜ್ಞಾನಿಗಳು ವಿವರಿಸಿದ್ರು, ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ಬಿಪಿ ಇಳಿಸೋ ವಿಷ, 2013ರಲ್ಲಿ ಬಾಯಿಯ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿದ್ರೆ ಬೇರೆ ಮಾಂಸಾಹಾರಿಗಳಿಗಿಂತ ವಿಶೇಷ ಏನೂ ಸಿಗ್ಲಿಲ್ಲ. ಎರಡನೇದು, ಚಿಕ್ಕ ದ್ವೀಪದಲ್ಲಿ ಎದುರಾಳಿ ಇಲ್ಲದೆ ಬೆಳೆದು ಬೆಳೆದು ದೈತ್ಯ ಆಯ್ತು ಅಂತ. ಆದ್ರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅದೇ ಜಾತಿಯ, ಅಷ್ಟೇ ದೊಡ್ಡ ಪಳೆಯುಳಿಕೆ ಸಿಕ್ಕಿವೆ, ಲಕ್ಷಾಂತರ ವರ್ಷ ಹಳೇವು. ಅಂದ್ರೆ ಅದು ದೊಡ್ಡದಾಗೇ ಹುಟ್ಟಿ, ಪೂರ್ವದಿಂದ ನೀರು ದಾಟ್ಕೊಂಡು ಇಲ್ಲಿಗೆ ಬಂದಿದ್ದು. ಹುಲಿ ಪಶ್ಚಿಮದಿಂದ ಬಾಲಿವರೆಗೆ ಬಂದು ನಿಂತ್ಕೊಂಡ್ತು, ಉಡ ಪೂರ್ವದಿಂದ ಬಂದು ಹುಲಿಯ ಜಾಗದಲ್ಲಿ ಕೂತ್ಕೊಂಡ್ತು.

ಅಷ್ಟೇ ಅಲ್ಲ, ಲೊಂಬೊಕ್‌ನಿಂದ ಶುರುವಾಗೋ ಆ ದಿಬ್ಬದ ಕೋಳಿ ಇದೆಯಲ್ಲ, ಕೊಳೆಯೋ ಎಲೆಯ ಕಾವಲ್ಲಿ ಮೊಟ್ಟೆ ಮರಿ ಮಾಡೋದು, ಅದು ಬಿಟ್ಟುಹೋದ ದಿಬ್ಬದಲ್ಲೇ ಹೆಣ್ಣು ಉಡ ಮೊಟ್ಟೆ ಇಡುತ್ತೆ, ಸುಮಾರು 20 ಮೊಟ್ಟೆ, ಏಳೆಂಟು ತಿಂಗಳು ಬೇಕು ಒಡೆಯೋಕೆ. ಹೊರಗೆ ಬಂದ ಮರಿ ಮಾಡೋ ಮೊದಲ ಕೆಲ್ಸ ಮರ ಹತ್ತೋದು, ಕೆಳಗಿದ್ರೆ ದೊಡ್ಡ ಉಡಗಳೇ ತಿಂದುಬಿಡ್ತಾವೆ. ರಿಂಚಾ ದ್ವೀಪದಲ್ಲಿ ಕವಲು ಕೋಲು ಹಿಡಿದ ಗಾರ್ಡ್ ನಮ್ಮನ್ನ ನಿಲ್ಲಿಸಿ ಮೇಲೆ ತೋರ್ಸಿದ್ರು, ಹಳದಿ ಚುಕ್ಕೆಯ ಮರಿಯೊಂದು ಕೊಂಬೆಗೆ ಅಂಟಿ ಕೂತಿತ್ತು.

ಕೊಮೊಡೊ ಹಳ್ಳಿಯ ಅತಾ ಮೊದೊ ಜನರ ಕಥೆ ಪ್ರಕಾರ ಪುತ್ರಿ ನಾಗ ಅನ್ನೋ ತಾಯಿಗೆ ಅವಳಿ ಹುಟ್ಟಿದ್ವು, ಒಂದು ಮನುಷ್ಯ ಮಗು, ಇನ್ನೊಂದು ಉಡ. ಹಾಗಾಗಿ ಉಡ ಅಂದ್ರೆ ಒಡಹುಟ್ಟಿದ್ದು. ಪುತ್ರಿ, ನಾಗ ಎರಡೂ ನಮಗೆ ಅರ್ಥ ಆಗೋ ಮಾತೇ, ಸಂಸ್ಕೃತದ ಪದಗಳು ಯಾವತ್ತೋ ಹಡಗು ಹತ್ತಿ ಅಲ್ಲಿಗೆ ಹೋಗಿ ಇಳಿದಿವೆ. 2021ರಲ್ಲಿ ಈ ಉಡವನ್ನ ಅಳಿವಿನಂಚಿನ ಪಟ್ಟಿಗೆ ಏರಿಸಿದ್ದಾರೆ, ಸಮುದ್ರ ಏರಿದ್ರೆ ಅವು ಬದುಕೋ ತಗ್ಗಿನ ಕಣಿವೆಗಳು ಕುಗ್ಗುತ್ವೆ ಅನ್ನೋದೂ ಅದಕ್ಕೆ ಒಂದು ಕಾರಣ. ಇದು ನನಗೆ ನಿಜಕ್ಕೂ ಸಂಕಟ ತರೋ ವಿಷಯ.

ಫ್ಲೋರೆಸ್‌ನಲ್ಲಿ ಇನ್ನೊಂದು ಕಥೆ. 2003ರಲ್ಲಿ ಲಿಯಾಂಗ್ ಬುಆ ಗುಹೆಯಲ್ಲಿ ಸಿಕ್ಕ ಅಸ್ಥಿಪಂಜರ, ವಯಸ್ಕ ಹೆಂಗಸು, ಎತ್ತರ ಒಂದು ಮೀಟರ್ ಚಿಲ್ಲರೆ, ನಮ್ಮ ಜಾತಿಯವಳಲ್ಲ, ಹೋಮೊ ಫ್ಲೋರೆಸಿಯೆನ್ಸಿಸ್. ಆ ದ್ವೀಪದಲ್ಲಿ ಸುಮಾರು 10 ಲಕ್ಷ ವರ್ಷ ಹಳೆಯ ಕಲ್ಲಿನ ಆಯುಧ ಸಿಕ್ಕಿವೆ, ಅಂದ್ರೆ ಅಷ್ಟು ಹಿಂದೆಯೇ ಯಾರೋ ಆ ಆಳದ ನೀರು ದಾಟಿದ್ರು. ತೆಪ್ಪ ಕಟ್ಟಿದ್ರಾ, ಸುನಾಮಿಗೆ ಕಿತ್ತುಬಂದ ಮರದ ರಾಶಿ ಮೇಲೆ ತೇಲಿ ಬಂದ್ರಾ ಅಂತ ಇನ್ನೂ ಚರ್ಚೆ ನಡೀತಾ ಇದೆ.

ಇನ್ನೂ ಪೂರ್ವಕ್ಕೆ ಲೆಂಬಾತ ದ್ವೀಪ, ಅದರ ದಕ್ಷಿಣ ದಡದಲ್ಲಿ ಲಮಲೇರ ಊರು. ಕಲ್ಲುಬೆಟ್ಟ, ಬೆಳೆ ಆಗಲ್ಲ. ದಡದಿಂದ ಸ್ವಲ್ಪ ದೂರ ಹೋದ್ರೆ ಸಾವಿರಾರು ಮೀಟರ್ ಆಳ, ಬೊಂಡಾಸ್ (ಸ್ಕ್ವಿಡ್) ಹುಡುಕ್ಕೊಂಡು ಸಾವಿರ ಮೀಟರ್‌ಗಿಂತ ಕೆಳಗೂ ಮುಳುಗೋ ಸ್ಪರ್ಮ್ ವೇಲ್ ತಿಮಿಂಗಿಲಗಳು ಅದಕ್ಕೇ ಇಲ್ಲಿ ದಡದ ಹತ್ರಾನೇ ಬರೋದು. ಕಂಡ ಕೂಡ್ಲೆ "ಬಲೆಯೋ" ಅಂತ ಊರೆಲ್ಲಾ ಕೂಗ್ತಾರೆ, ಮರದ ಗೂಟದಲ್ಲೇ ಕೂಡಿಸಿದ ತೇನಾ ದೋಣಿಗಳು ನೀರಿಗಿಳೀತಾವೆ, ಲಮಾಫಾ ಅನ್ನೋ ಬೇಟೆಗಾರ ಬಿದಿರಿನ ಉದ್ದ ಈಟಿ ಹಿಡಿದು ದೋಣಿಯ ಮೂತಿಯಿಂದ ತನ್ನ ಇಡೀ ಮೈ ಭಾರ ಹಾಕಿ ತಿಮಿಂಗಿಲದ ಮೇಲೆ ನೆಗೀತಾನೆ. ಸಿಕ್ಕ ಮಾಂಸದಲ್ಲಿ ಯಾವ ಮನೆಗೆ ಯಾವ ಭಾಗ ಅಂತ ತಲೆಮಾರಿನಿಂದ ನಿಯಮ ಇದೆ, ಉಳಿದಿದ್ದನ್ನ ಒಣಗಿಸಿ ಬೆಟ್ಟದ ಊರಿನವರ ಹತ್ರ ಮೆಕ್ಕೆಜೋಳಕ್ಕೆ, ಬಾಳೆಹಣ್ಣಿಗೆ ಬದಲಾಯಿಸ್ಕೋತಾರೆ. ನೀಲಿ ತಿಮಿಂಗಿಲವನ್ನ ಮಾತ್ರ ಮುಟ್ಟಲ್ಲ, ಹಿರಿಯರನ್ನ ಅದೇ ಕಾಪಾಡಿತ್ತು ಅಂತ ನಂಬಿಕೆ.

ಬೇಟೆಯ ವಿವರ ಕೇಳಿ ನಮ್ಮ ಜೊತೆಗಿದ್ದವರಲ್ಲಿ ಇಬ್ಬರು ಊರಿಗೇ ಇಳೀಲಿಲ್ಲ, ಅವರ ನೋವು ನನಗೆ ಅರ್ಥ ಆಗುತ್ತೆ. ಸ್ಪರ್ಮ್ ವೇಲ್ ಮರಿ ಹಾಕೋದೇ ನಾಲ್ಕೈದು ವರ್ಷಕ್ಕೊಂದು. ಆದ್ರೂ 20ನೇ ಶತಮಾನದಲ್ಲಿ ಕಾರ್ಖಾನೆ ಹಡಗುಗಳು ಎಣ್ಣೆಗೋಸ್ಕರ ಲಕ್ಷಗಟ್ಟಲೆ ಕೊಂದಿದ್ದನ್ನೂ, ಈ ಊರು ಹೊಟ್ಟೆಗೋಸ್ಕರ ಈಟಿಯಲ್ಲಿ ಹಿಡಿಯೋದನ್ನೂ ಒಂದೇ ತಕ್ಕಡೀಲಿ ಇಡೋಕೆ ನನ್ನ ಮನಸ್ಸು ಒಪ್ಪಲ್ಲ. ದಡದಲ್ಲಿ ಒಬ್ಬ ಅಜ್ಜಿ ಒಣಗಿದ ಮಾಂಸದ ಪಟ್ಟಿಗಳನ್ನ ತಿರುವಿ ಹಾಕ್ತಾ ಇದ್ರು, ಈ ಸೀಸನ್‌ನಲ್ಲಿ ಎಷ್ಟು ಸಿಕ್ತು ಅಂತ ದುಭಾಷಿ ಮೂಲಕ ಕೇಳಿದ್ದಕ್ಕೆ ಸಮುದ್ರದ ಕಡೆ ನೋಡಿ, ಅದು ಕೊಟ್ಟಷ್ಟು ಅಂದ್ರು.

ಸಂಜೆ ಲಂಗರು ಎತ್ತಿದ್ವಿ. ಹತ್ತು ನಿಮಿಷದಲ್ಲಿ ಸ್ಕ್ರೀನ್ ಮೇಲೆ ಮತ್ತೆ ಅದೇ ಎರಡು ಗೀಟು. ಬಲಗಡೆ ದೂರದಲ್ಲಿ ನೀರಿನ ಹೊಗೆ ಎದ್ದಿತು, ನೆಟ್ಟಗಲ್ಲ, ಓರೆಯಾಗಿ ಮುಂದಕ್ಕೆ. ಸ್ಪರ್ಮ್ ವೇಲ್‌ಗೆ ಮೂಗಿನ ಹೊಳ್ಳೆ ತಲೆಯ ಎಡತುದಿಯಲ್ಲಿ ಇರೋದ್ರಿಂದ ಹಾಗೆ. ಕ್ಯಾಪ್ಟನ್ ಇಂಜಿನ್ ನಿಲ್ಲಿಸಿದ್ರು, ಏಳೆಂಟು ಸಲ ಉಸಿರಾಡ್ತು, ಬೆನ್ನು ಬಾಗಿಸಿ ಬಾಲ ಎತ್ತಿ ನೆಟ್ಟಗೆ ಕೆಳಗೆ ಹೋಯ್ತು. ಅರ್ಧ ಗಂಟೆ ಕಾದ್ವಿ, ಕತ್ತಲಾಯ್ತು, ಮತ್ತೆ ಕಾಣ್ಲಿಲ್ಲ.