ಕಪ್ಪು ಬಣ್ಣಕ್ಕೆ ಜಾತಕ ಬರೆಯಬೇಡಿ

ನಮ್ಮಣ್ಣನ ಮಗಳು ಒಂದು ಮನೆಯ ಚಿತ್ರ ಬರೆದಿದ್ದಳು. ಪೂರ್ತಿ ಕಪ್ಪು, ಬಾಗಿಲೇ ಇಲ್ಲ. ಎರಡು ದಿನದ ಕೋರ್ಸ್ ಮಾಡಿ 'ಆರ್ಟ್ ಥೆರಪಿ', ಅಂದರೆ ಚಿತ್ರ ಬರೆಸುತ್ತ ಮನಸ್ಸಿಗೆ ಮಾಡುವ ಕಲಾ ಚಿಕಿತ್ಸೆ, ಕಲಿತಿದ್ದ ಪರಿಚಯದವರೊಬ್ಬರು ಅದನ್ನು ನೋಡಿ, ಮಗು ಒಳಗೊಳಗೇ ಕೊರಗುತ್ತಿದೆ ಎಂದರು. ಅತ್ತಿಗೆಗೆ ಎರಡು ರಾತ್ರಿ ನಿದ್ದೆಯಿಲ್ಲ. ಕೊನೆಗೆ ನಾನು ಮಗುವನ್ನೇ ಕೇಳಿದೆ. 'ಬಾಗಿಲು ಆ ಕಡೆಗಿದೆ ಚಿಕ್ಕಪ್ಪ. ಬೇರೆ ಕ್ರೇಯಾನ್ ಎಲ್ಲ ತಮ್ಮ ಮುರಿದುಹಾಕಿದ' ಎಂದಳು.

ಬಣ್ಣ ನೋಡಿ ಮನಸ್ಸು ಹೇಳುವುದಕ್ಕೂ ಅಂಗೈ ನೋಡಿ ಭವಿಷ್ಯ ಹೇಳುವುದಕ್ಕೂ ಜಾಸ್ತಿ ವ್ಯತ್ಯಾಸವಿಲ್ಲ. ಮಂಡಲದ, ಅಂದರೆ ದುಂಡನೆಯ ವಿನ್ಯಾಸಗಳ, ಪುಸ್ತಕಕ್ಕೆ ಬಣ್ಣ ತುಂಬುವುದೂ ಕಲಾ ಚಿಕಿತ್ಸೆಯಲ್ಲ. ತುಂಬಿದರೆ ಹಾಯೆನಿಸಬಹುದು. ಬಿಸಿಲಲ್ಲಿ ಬಂದು ಮಜ್ಜಿಗೆ ಕುಡಿದರೂ ಹಾಯೆನಿಸುತ್ತದೆ, ಅಲ್ವಾ?

ಕಲಾ ಚಿಕಿತ್ಸೆ ಒಂದು ವೃತ್ತಿಯಾಗಿ ಬೆಳೆದ ಕಥೆ ಬ್ರಿಟನ್ನಿನಲ್ಲಿ ಚೆನ್ನಾಗಿ ಕಾಣುತ್ತದೆ. 1938ರಲ್ಲಿ ಏಡ್ರಿಯನ್ ಹಿಲ್ ಎಂಬ ಕಲಾವಿದ ಕ್ಷಯ ಹಿಡಿದು ಸಸೆಕ್ಸ್‌ನ ಆರೋಗ್ಯಧಾಮದಲ್ಲಿ ಮಲಗಿದ್ದ. ಆಗ ಕ್ಷಯಕ್ಕೆ ಕೊಡುವ ಸ್ಟ್ರೆಪ್ಟೊಮೈಸಿನ್ ಔಷಧ ಇನ್ನೂ ಬಂದಿರಲಿಲ್ಲ. ತಿಂಗಳುಗಟ್ಟಲೆ ಸುಮ್ನೆ ಮಲಗುವುದೇ ಮದ್ದು. ಹೊತ್ತು ಹೋಗದೆ ಚಿತ್ರ ಬರೆದ. ಆಮೇಲೆ ಪಕ್ಕದ ಹಾಸಿಗೆಯವರಿಗೂ, ಗಾಯಗೊಂಡು ಬಂದ ಸೈನಿಕರಿಗೂ ಕಲಿಸಿದ. ಅವರ ಕಾಗದದ ಮೇಲೆ ಯುದ್ಧ ಮೂಡತೊಡಗಿತು. 1942ರಲ್ಲಿ 'ಆರ್ಟ್ ಥೆರಪಿ' ಎಂಬ ಹೆಸರಿಟ್ಟವನು ಇವನೇ.

1946ರಲ್ಲಿ ಎಡ್ವರ್ಡ್ ಆಡಮ್ಸನ್ ಎಂಬ ಕಲಾವಿದ ಸರ್‍ರೆಯ ನೆದರ್ನ್ ಮಾನಸಿಕ ಆಸ್ಪತ್ರೆಗೆ ಬಂದ. ಅಲ್ಲಿನ ಒಬ್ಬ ರೋಗಿಯ ಕೈಯಲ್ಲಿ ಪೆನ್ಸಿಲ್ಲೂ ಇರಲಿಲ್ಲ. ಸುಟ್ಟ ಬೆಂಕಿಕಡ್ಡಿಯ ಮಸಿಯಲ್ಲಿ, ಶೌಚದ ಕಾಗದದ ಮೇಲೆ ಚಿತ್ರ ಬರೆದಿದ್ದ. ಆಸ್ಪತ್ರೆಯ ವೈದ್ಯರಿಗೆ ಇಂಥ ಚಿತ್ರಗಳು ರೋಗ ಪತ್ತೆಗೆ ಬೇಕಿದ್ದವು. ಆಡಮ್ಸನ್ ಮಾತ್ರ ಯಾವ ಚಿತ್ರಕ್ಕೂ ಅರ್ಥ ಹೇಳುತ್ತಿರಲಿಲ್ಲ. ಜಾಗ ಕೊಟ್ಟ, ಬಣ್ಣ ಕೊಟ್ಟ, ಜೊತೆಗಿದ್ದ.

ಹಾಗಾದರೆ ಕೆಲಸ ಮಾಡುವುದು ಯಾವುದು? ಅವರೆಕಾಯಿ ಸುಲಿಯುವುದನ್ನು ನೆನಪಿಸಿಕೊಳ್ಳಿ. ಮೊರದ ಎರಡು ಕಡೆ ಅತ್ತೆ, ಸೊಸೆ. ಕೈಗೆ ಕೆಲಸವಿದೆ, ಕಣ್ಣು ಕಾಳಿನ ಮೇಲಿದೆ. ಮುಖ ನೋಡಿಕೊಂಡು ಆಡಲಾಗದ ಮಾತು ಆಗ ತಾನಾಗಿ ಬರುತ್ತದೆ. ಚಿಕಿತ್ಸೆಯಲ್ಲಿ ಚಿತ್ರವೇ ಆ ಮೊರ. ಇನ್ನೊಂದು ರೀತಿ ಹೇಳುತ್ತೇನೆ. ಬೊಂಬೆಯಾಟದಲ್ಲಿ ಬೈಯುವುದು ಬೊಂಬೆ, ಆಡಿಸುವವನಲ್ಲ. 'ನನಗೆ ಭಯ' ಎನ್ನಲಾಗದವನು 'ಈ ಹುಡುಗನಿಗೆ ಭಯ' ಎಂದು ಚಿತ್ರ ತೋರಿಸಬಲ್ಲ. ಜೊತೆಗೆ, ಮಾತು ಗಾಳಿಗೆ ಹೋಗುತ್ತದೆ, ಚಿತ್ರ ಅಂಗಡಿಯ ಉದ್ರಿ ಪುಸ್ತಕದ ಹಾಗೆ ಉಳಿಯುತ್ತದೆ. ಮೂರು ತಿಂಗಳಾದ ಮೇಲೆ ಬೀರುವಿನಿಂದ ತೆಗೆದು ಬರೆದವನು, ಚಿಕಿತ್ಸಕ ಇಬ್ಬರೂ ಮತ್ತೆ ನೋಡಬಹುದು. ಅರ್ಥ ಹೇಳಬೇಕಾದವನು ಬರೆದವನೇ.

ಉಳಿದದ್ದು ಕಚೇರಿ ಕಥೆ. 1964ರಲ್ಲಿ ಬ್ರಿಟನ್ನಿನ ಕಲಾ ಚಿಕಿತ್ಸಕರ ಸಂಘ ಹುಟ್ಟಿತು. 1997ರಲ್ಲಿ ಚಿತ್ರ, ಸಂಗೀತ, ನಾಟಕ ಚಿಕಿತ್ಸಕರಿಗೆ ಸರ್ಕಾರಿ ನೋಂದಣಿ ಸಿಕ್ಕಿತು. ನೃತ್ಯದವರು ಯಾಕೋ ಆ ಪಟ್ಟಿಯ ಹೊರಗೇ ಉಳಿದರು. ಈಗ ನೋಂದಣಿಯಿಲ್ಲದೆ 'ಆರ್ಟ್ ಥೆರಪಿಸ್ಟ್' ಎಂದು ಬೋರ್ಡು ಹಾಕಿಕೊಂಡರೆ ಅಲ್ಲಿ ಅಪರಾಧ. ಸ್ನಾತಕೋತ್ತರ ಓದು ಬೇಕು. ಓದುವಾಗ ತಾವೂ ಚಿಕಿತ್ಸೆಗೆ ಕೂರಬೇಕು. ಎರಡು ದಿನದ ಕೋರ್ಸಿನವರು ದಯವಿಟ್ಟು ಗಮನಿಸಿ.

ಹೀಗೆಂದು ಎಲ್ಲ ಕಾಯಿಲೆಗೂ ಇದೇ ಮದ್ದು ಎನ್ನುವುದು ಇನ್ನೊಂದು ಮೂಢನಂಬಿಕೆ. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವ 417 ಜನರನ್ನು ಸೇರಿಸಿಕೊಂಡು ಬ್ರಿಟನ್ನಿನಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ವಾರಕ್ಕೊಮ್ಮೆ ಗುಂಪಿನಲ್ಲಿ ಚಿತ್ರ ಚಿಕಿತ್ಸೆ. 2012ರಲ್ಲಿ ಫಲಿತಾಂಶ ಬಂತು: ಮಾಮೂಲಿ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ತುಂಬಾ ಜನ ಚಿಕಿತ್ಸೆಯ ಗುಂಪಿಗೆ ಸರಿಯಾಗಿ ಬರಲೇ ಇಲ್ಲ ಎಂದು ಚಿಕಿತ್ಸಕರು ವಾದಿಸಿದರು. ಅದು ನಿಜವೇ. ಆದರೆ ರೋಗಿ ನುಂಗಲೊಲ್ಲದ ಮಾತ್ರೆಗೆ ನಾವು ಪಾಸು ಮಾರ್ಕು ಕೊಡುತ್ತೇವೆಯೇ?